ಗಾಡಿಗೂ ಒಂದು ಸೋಮವಾರ

ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅದರ ಕೆಳಗೆ ಹುಬ್ಬಿಗೆ ತಾಗಿದಂತೆ ಮಸಿಯ ಇನ್ನೊಂದು ಗೆರೆ. ಸೋಮವಾರದ ಬೆಳಗ್ಗೆ ನಮ್ಮ ಯಜಮಾನರ ಮುಖ ಹೀಗಿರುತ್ತಿತ್ತು. ಯಜಮಾನರೆಂದರೆ ನನ್ನ ಗಂಡನಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಹಂಗಾಮಿ ಮೇಷ್ಟ್ರಾಗಿ ಅಜ್ಜೀಪುರಕ್ಕೆ ಬಂದಾಗ ತಮ್ಮ ಪಡಸಾಲೆಯ ಪಕ್ಕದ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟವರು. ಆ ಮಸಿ ಅವರ ಮೋಟಾರ್ ಸೈಕಲ್ಲಿನದು. ಬೆವರು ಒರೆಸಿಕೊಳ್ಳುವಾಗ ಅಂಟಿದ್ದು ಅವರ ಗಮನಕ್ಕೇ ಬರುತ್ತಿರಲಿಲ್ಲ, ನಾವ್ಯಾರೂ ಹೇಳುತ್ತಲೂ ಇರಲಿಲ್ಲ.

ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಹಳೆಯ ಟೂ-ಸ್ಟ್ರೋಕ್ ಗಾಡಿ ಅದು. ರಸ್ತೆಯ ಮೇಲೆ ಓಡಿದ್ದಕ್ಕಿಂತ ಹೊಲದ ಬದು, ಹಳ್ಳದ ಮರಳು, ಕಾಡಂಚಿನ ಬಂಡಿ ಜಾಡುಗಳಲ್ಲಿ ಓಡಿದ್ದೇ ಹೆಚ್ಚು. ಇಷ್ಟಿಷ್ಟು ಮೈಲಿಗೆ ಇಂತಿಂಥದ್ದು ಬಿಚ್ಚಿ ತೊಳೆಯಬೇಕೆಂಬ ನಿಯಮ ಅಂಥ ಗಾಡಿಗಳಿಗೆ ಉಂಟು. ಆದರೆ ಅವರ ಗಾಡಿಯ ಮೈಲಿ ಮುಳ್ಳು ಎಂದೋ ಸತ್ತುಹೋಗಿತ್ತು. ಅದನ್ನಾದರೂ ರಿಪೇರಿ ಮಾಡಿಸಬಾರದೇ ಎಂದರೆ ನಕ್ಕುಬಿಡುತ್ತಿದ್ದರು.

"ಎತ್ತಿಗೆ ಮೈಲಿ ಲೆಕ್ಕ ಮಡಗಿದ್ದಾರಾ ಮೇಷ್ಟ್ರಮ್ಮ? ಸೋಮ್ವಾರ ಬಂತು, ನೊಗ ಇಳಿಸ್ದೋ. ಇದ್ಕೂ ಅಂಗೇಯ."

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನಿಗೆ ಬಿಡುವು. ಯಜಮಾನರು ಆ ಬಿಡುವನ್ನು ಗಾಡಿಗೂ ಕೊಟ್ಟಿದ್ದರು. ಬೆಳಗ್ಗೆ ಸ್ನಾನ, ಪೂಜೆ ಮುಗಿಸಿ, ಒಪ್ಪೊತ್ತಿನ ಉಪವಾಸದಲ್ಲೇ ಬೇವಿನ ಮರದಡಿ ಕೂತು ಪ್ಲಗ್ ಬಿಚ್ಚಿ ಉಜ್ಜುವರು, ಕೆಂಧೂಳು ತುಂಬಿದ ಗಾಳಿ ಜರಡಿಯನ್ನು ಪೆಟ್ರೋಲಿನಲ್ಲಿ ತೊಳೆಯುವರು, ಚೈನಿಗೆ ಎಣ್ಣೆ ಬಿಡುವರು. ಅಮಾವಾಸ್ಯೆ ಕಳೆದ ಮೊದಲ ಸೋಮವಾರ ಸೈಲೆನ್ಸರಿನ ಒಳಗೊಳವೆಯನ್ನು ಹೊರಗೆಳೆದು, ನೀರು ಕಾಯಿಸುವ ಹಂಡೆಯ ಒಲೆಗೆ ತುರುಕಿ, ಕಟ್ಟಿಕೊಂಡ ಕರಿಯನ್ನು ಸುಡುವರು. ರಾಗಿ ಕಣ ಮುಗಿದ ಮೇಲೆ ಹನೂರಿನ ಮೆಕ್ಯಾನಿಕ್ಕನ ಹತ್ತಿರ ಇಂಜಿನ್ನಿನ ತಲೆ ಬಿಚ್ಚಿಸುವರು. ಇಷ್ಟೊಂದು ಆರೈಕೆ ಗಾಡಿಗೆ ಒಗ್ಗುತ್ತಿತ್ತೋ ಇಲ್ಲವೋ. ಎಷ್ಟೋ ಮಂಗಳವಾರ ಒಂದು ವಾಷರು ಮಿಕ್ಕಿ, ಅದು ಎಲ್ಲಿಯದೆಂದು ಮನೆಮಂದಿಯೆಲ್ಲ ತಲೆ ಕೆಡಿಸಿಕೊಳ್ಳುತ್ತಿದ್ದೆವು.

ಒಂದು ಸಂಕ್ರಾಂತಿಯ ಸಂಜೆ ಅವರು ಗಾಡಿಗೆ ಚೆಂಡುಹೂವಿನ ಹಾರ ಹಾಕಿ, ಕಿಚ್ಚು ಹಾಯಿಸಲು ಎತ್ತುಗಳ ಹಿಂದೆ ತಳ್ಳಿಕೊಂಡು ಹೊರಟೇಬಿಟ್ಟಿದ್ದರು. ಹುಲ್ಲಿಗೆ ಬೆಂಕಿ ಇಟ್ಟಾಗಿತ್ತು.

"ರೀ, ಒಟ್ಟೇಲಿ ಪೆಟ್ರೋಲ್ ಅದೆ ಕಣ್ರೀ ಅದ್ಕ!" ಎಂದು ಅವರ ಹೆಂಡತಿ ಕಿರುಚಿಕೊಂಡು ಓಡಿಬಂದು ಹ್ಯಾಂಡಲ್ ಹಿಡಿಯದಿದ್ದರೆ ಈ ಬರಹವೇ ಬೇರೆಯಾಗುತ್ತಿತ್ತು.

ಆಮೇಲೆ ಬಂತು ನನ್ನ ಸೋಮವಾರ. ಕಾಯಂ ಕೆಲಸದ ಸಂದರ್ಶನಕ್ಕೆ ಬೆಳಗ್ಗೆಯೇ ಕೊಳ್ಳೇಗಾಲದಲ್ಲಿರಬೇಕಿತ್ತು. ತಪ್ಪಿದರೆ ಜಾಗ ಇನ್ನೊಬ್ಬರಿಗೆ. ನಮ್ಮೂರಿನಲ್ಲಿ ನನ್ನನ್ನೇ ನಂಬಿಕೊಂಡ ಅವ್ವ ಇದ್ದಳು. ಹಿಂದಿನ ದಿನ ಅಮಾವಾಸ್ಯೆ. ಮಾದಪ್ಪನ ಬೆಟ್ಟದಿಂದ ಇಳಿದ ಬಸ್ಸುಗಳು ಅಮಾವಾಸ್ಯೆಯ ಪೂಜೆ ಮುಗಿಸಿದ ಒಕ್ಕಲಿನಿಂದ ತುಂಬಿ ತುಳುಕುತ್ತ, ನಾನು ಕೈ ಬೀಸುತ್ತಿದ್ದರೂ ನಿಲ್ಲದೆ ಹೋದವು. ಅಳುತ್ತಾ ಮನೆಗೆ ಬಂದೆ. ಯಜಮಾನರು ಬೇವಿನಡಿ ಕೂತಿದ್ದರು. ಸೈಲೆನ್ಸರಿನ ಒಳಗೊಳವೆ ಒಲೆಯಲ್ಲಿ ಕೆಂಪಗೆ ಕಾಯುತ್ತಿತ್ತು. ಕೇಳುವ ಬಾಯಿ ನನಗಿರಲಿಲ್ಲ.

ಅವರು ನನ್ನ ಮುಖ ನೋಡಿದರು, ಗಾಡಿ ನೋಡಿದರು. ಬೆಟ್ಟದ ದಿಕ್ಕಿಗೆ ತಿರುಗಿ ಕೈ ಮುಗಿದರು. "ಮಾದಪ್ಪಾ, ಒಂದ್ ಕಿತ ಒಟ್ಟೆಗಾಕ್ಕೊಳಪ್ಪ." ಆಮೇಲೆ ಗಾಡಿಯ ಟ್ಯಾಂಕಿನ ಮೇಲೆ ಕೈಯಿಟ್ಟು, "ಇವತ್ತೊಂದಿನ ದುಡಿದ್ಕೊಡ್ಲಾ ಮಗ, ನಾಳ ನಿನ್ಗ ಸೋಮ್ವಾರ" ಎಂದರು.

ಒಳಗೊಳವೆಯಿಲ್ಲದ ಸೈಲೆನ್ಸರಿನಲ್ಲಿ ಆ ಗಾಡಿ ಮಾಡಿದ ಸದ್ದನ್ನು ಏನೆಂದು ಹೇಳಲಿ! ಹೊಲಗಳಲ್ಲಿದ್ದ ನಾಯಿಗಳೆಲ್ಲ ಬೆನ್ನು ಹತ್ತಿದವು. ಸೀರೆಯ ನೆರಿಗೆ ಒಂದು ಕೈಲಿ, ಸರ್ಟಿಫಿಕೇಟಿನ ಚೀಲ ಇನ್ನೊಂದು ಕೈಲಿ ಹಿಡಿದು, ಹಿಂದೆ ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತಿದ್ದೆ. ಹನೂರಿನ ಸರ್ಕಲ್ಲಿನಲ್ಲಿ ಯಾರೋ ಕೂಗಿದರು: "ಏನ್ ಯಜಮಾನ್ರೇ, ಸೋಮ್ವಾರವೇ ಹೂಡ್ಬುಟ್ಟಿದ್ದೀರಿ!" ಊರವರಿಗೆಲ್ಲ ನೇಮ ಹೇಳಿಕೊಡುತ್ತಿದ್ದ ಮನುಷ್ಯ ತಲೆ ಬಗ್ಗಿಸಿಕೊಂಡು ಗಾಡಿಯನ್ನು ಮುಂದಕ್ಕೆ ಓಡಿಸಿದರು. ಆ ಬಗ್ಗಿದ ಕತ್ತನ್ನು ಹಿಂದಿನಿಂದ ನೋಡುತ್ತಾ ನನಗೆ ಮತ್ತೆ ಅಳು ಬಂತು.

ದಾರಿಯಲ್ಲಿ ಒಮ್ಮೆ ಗಾಡಿ ಕೆಮ್ಮಿ ನಿಂತಿತು. ಸೊಂಟದಲ್ಲಿ ಎಲೆಅಡಿಕೆ ಚೀಲದ ಜೊತೆ ಇಟ್ಟುಕೊಂಡಿದ್ದ ಇನ್ನೊಂದು ಪ್ಲಗ್ ಹಾಕಿದರು, ಹೊರಟಿತು. ಕೊಳ್ಳೇಗಾಲ ತಲುಪಿದಾಗ, ಮುಖ ಒರೆಸಿಕೊಳ್ಳಿ ಎಂದು ಟವೆಲ್ ಕೊಟ್ಟರು. ಅದು ನನ್ನ ಮುಖಕ್ಕಿಂತ ಕೊಳೆಯಾಗಿತ್ತು. ಹೊಗೆಯ ವಾಸನೆ ಬೀರುತ್ತಲೇ ಅಧಿಕಾರಿಗಳ ಮುಂದೆ ಕೂತು ಉತ್ತರ ಹೇಳಿದೆ. ಹೊರಗೆ ಬಂದಾಗ ಯಜಮಾನರು ಬಿಸಿಲಲ್ಲಿ ಗಾಡಿಯ ಪಕ್ಕ ಹಸಿದುಕೊಂಡೇ ನಿಂತಿದ್ದರು. ಕೆಲಸ ಸಿಕ್ಕಿತು.

ಮಾರನೆಯ ದಿನ ಎತ್ತುಗಳು ಹೊಲಕ್ಕೆ ಹೋದವು. ಗಾಡಿ ಮಾತ್ರ ಹೊಸ ವಿಭೂತಿ ಹಚ್ಚಿಸಿಕೊಂಡು ನೆರಳಲ್ಲಿ ನಿಂತಿತ್ತು. ಗೊಬ್ಬರ ತರಬೇಕು, ಹನೂರಿಗೆ ಗಾಡಿ ಕೊಡಪ್ಪ ಎಂದ ಮಗನಿಗೆ, "ಇವತ್ತು ಅದ್ಕ ಸೋಮ್ವಾರ ಕಣ್ಲಾ, ನಡ್ಕಂಡೋಗು" ಎಂದರು.

ನನಗೆ ಯಳಂದೂರಿಗೆ ವರ್ಗವಾಗಿ ಕೆಲವು ವರ್ಷಗಳಾದ ಮೇಲೆ ಯಜಮಾನರು ತೀರಿಕೊಂಡರು, ಅದೂ ಒಂದು ಸೋಮವಾರ. ಸುದ್ದಿ ಹೊತ್ತ ಆಳು ಬಸ್ಸು ಬದಲಾಯಿಸಿಕೊಂಡು ನನ್ನ ಶಾಲೆಗೆ ಬರುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ನಾನು ಅಜ್ಜೀಪುರ ಮುಟ್ಟಿದಾಗ ಹೊಲದಂಚಿನ ಗುಂಡಿಗೆ ಮಣ್ಣು ಮುಚ್ಚಿಯಾಗಿತ್ತು. ಕೊನೆಯ ಸಲ ಮುಖ ನೋಡಲು ಸಿಗಲಿಲ್ಲ. ಬೇವಿನ ಮರದಡಿ ಗಾಡಿ ನಿಂತಿರುವುದನ್ನು ಕಂಡು ನನಗೆ ಸಿಟ್ಟೇ ಬಂತು. ಇದರಲ್ಲಿ ಬಂದು ಕರೆದೊಯ್ಯಬಾರದಿತ್ತೇ ಎಂದು ಅವರ ಹೆಂಡತಿಯನ್ನು ಕೇಳಿಯೇಬಿಟ್ಟೆ.

ಅವರು ನನ್ನ ಕೈ ಹಿಡಿದುಕೊಂಡರು. "ಮಗ ಗಾಡಿಯ ಈಚ್ಗ ತಗದಿದ್ದ ಕಣವ್ವ. ನಾನೇ ಬ್ಯಾಡ ಅಂದಿ. ಜೀವ್ಮಾನದಲ್ಲಿ ಒಂದೇ ಒಂದ್ ಸೋಮ್ವಾರ ನೇಮ ಬುಟ್ಟಿದ್ರು, ಅದ ನಿಮ್ಗ ಕೊಟ್ಬುಟ್ಟಿದ್ರು. ಅವ್ರಿಗೇ ಅಂತ ಇನ್ನೊಂದ ಎಲ್ಲಿಂದ ತರ್ಲಿ?"

ಆ ರಾತ್ರಿ ಅಲ್ಲೇ ಉಳಿದೆ. ಮಂಗಳವಾರ ಬೆಳಗ್ಗೆ ಅವರ ಮಗ ನನ್ನನ್ನು ಆ ಗಾಡಿಯಲ್ಲೇ ಹನೂರಿನವರೆಗೆ ಕರೆತಂದು ಬಸ್ಸು ಹತ್ತಿಸಿದ.