ಆಮೇಲೆ ಹುಯ್ದ ಎಣ್ಣೆ

ನಮ್ಮ ಟ್ರ್ಯಾಕ್ಟರಿನ ಸ್ಟೇರಿಂಗ್ ಬಾಕ್ಸಿಗೆ ಎಣ್ಣೆ ಹಾಕಿದವನು ನಾನೇ. ಆದರೆ ಹಾಕಿದ್ದು ಅದು ಹಳ್ಳಕ್ಕೆ ನುಗ್ಗುವ ಮುಂಚೆ ಅಲ್ಲ — ನುಗ್ಗಿದ ಮೇಲೆ. ಹತ್ತು ವರ್ಷ ನಾನು ಮೊದಲ ಮಾತನ್ನಷ್ಟೇ ಹೇಳಿಕೊಂಡು ಬಂದೆ. ಎರಡನೆಯದನ್ನು ನುಂಗಿಕೊಂಡೆ.

ಅದು ಹಳೆಯ ಗಾಡಿ. ಅಪ್ಪ ಹಿಂದೂಪುರದ ಕಡೆಯಿಂದ ಯಾರೋ ಉತ್ತು ಸಾಕುಮಾಡಿದ್ದನ್ನು ತಂದಿದ್ದರು. ಸ್ಟೇರಿಂಗಿನ ಬುಡದಲ್ಲಿರುವ ಗೇರ್ ಬಾಕ್ಸಿನ ಸೀಲು ಸವೆದು, ಒಳಗಿನ ಮಂದ ಎಣ್ಣೆ ಹನಿಹನಿಯಾಗಿ ಸೋರುತ್ತಿತ್ತು. ಎಂಟು ದಿನಕ್ಕೊಮ್ಮೆ ಪಕ್ಕದ ಬಿರಡೆ ಬಿಚ್ಚಿ ಬೆರಳಿಟ್ಟು ನೋಡಬೇಕು, ಬೆರಳಿಗೆ ತಾಕದಿದ್ದರೆ ಹುಯ್ಯಬೇಕು. ಆ ಕೆಲಸ ನನ್ನದು. ಓಡಿಸುವುದು ಚಿತ್ತಯ್ಯನದು.

ಚಿತ್ತಯ್ಯ ನಮ್ಮೂರ ಮಗ್ಗುಲ ಹಟ್ಟಿಯವನು, ನನ್ನ ಓರಗೆಯವನು. ಕುರಿ ಕಾಯುವ ಮನೆತನದಲ್ಲಿ ಸ್ಟೇರಿಂಗ್ ಹಿಡಿದ ಮೊದಲಿಗ. ಕೂಲಿಗೆ ಬರುವ ಹೆಂಗಸರು, ಚಿತ್ತಯ್ಯ ಓಡಿಸಿದರಷ್ಟೇ ಟ್ರೇಲರ್ ಹತ್ತುತ್ತೇವೆ ಎನ್ನುತ್ತಿದ್ದರು. ನನಗೆ ಅದನ್ನು — ಸಹಿಸಲಾಗುತ್ತಿರಲಿಲ್ಲ. ಇದನ್ನೂ ಹೇಳಿಬಿಡಬೇಕು.

ಕಡಲೆಕಾಯಿ ಸುಗ್ಗಿ. ಶಿರಾಕ್ಕೆ ಲೋಡು ಹೋಗುವ ಹಿಂದಿನ ದಿನ ಅವನು ಬಂದು, "ಸಣ್ಣಗೌಡ್ರೆ, ಸ್ಟೇರಿಂಗು ಬಿಗಿ ಹಿಡೀತೈತೆ. ಬಾಕ್ಸಲ್ಲಿ ಎಣ್ಣೆ ಐತಾ ಒಸಿ ನೋಡ್ಬುಡಿ" ಅಂದ.

ಸ್ಪ್ಯಾನರ್ ಹಿಡಿದು ಹೋದೆ. ತಿಂಗಳಿಂದ ನಾನು ಬಿಚ್ಚದೆ ಬಿಟ್ಟಿದ್ದ ಬಿರಡೆ ತುಕ್ಕು ಹಿಡಿದಿತ್ತು. ಎರಡು ಸಲ ಜಾರಿ ಬೆರಳ ಗಿಣ್ಣಿನ ಚರ್ಮ ಕಿತ್ತುಬಂತು. ಇನ್ನೊಂದು ಸ್ವಲ್ಪ ಹೊತ್ತು ಹೆಣಗಿದ್ದರೆ ಬಿಡುತ್ತಿತ್ತು. ಆದರೆ ಇವನು ಹೇಳಿದ್ದನ್ನು ನಾನು ಮಾಡಬೇಕೇ ಎಂಬ ಸಿಟ್ಟು — ಅಷ್ಟೇ, ಬೇರೆ ಕಾರಣವಿಲ್ಲ. ವಾಪಸು ಬಂದು, "ನೋಡಿದೀನಿ ಕಣ್ಲಾ, ತುಂಬೈತೆ" ಅಂದೆ. ಅವನು ನಂಬಿದ. ಮತ್ತೆ ಕೇಳಲಿಲ್ಲ.

ಮಾರನೆಯ ಬೆಳಗ್ಗೆ, ಊರು ಬಿಟ್ಟು ಅರ್ಧ ಮೈಲಿಯೂ ಆಗಿರಲಿಲ್ಲ. ಕೆರೆ ಏರಿ ಇಳಿಯುವ ತಿರುವಿನಲ್ಲಿ ತಿರುಗಿದ ಚಕ್ರ ಮರಳಿ ನೆಟ್ಟಗಾಗಲಿಲ್ಲ. ನಾನು ಮಡ್ಗಾರ್ಡಿನ ಮೇಲೆ ಕೂತಿದ್ದೆ. ಅವನು ಎರಡೂ ಕೈಯಲ್ಲಿ, ಮೈಯೆಲ್ಲ ಹಾಕಿ ಸ್ಟೇರಿಂಗ್ ಎಳೆದದ್ದನ್ನು ಕಣ್ಣಾರೆ ಕಂಡೆ. ಬ್ರೇಕು ಒತ್ತಿದರೂ ಹಿಂದಿನ ಭಾರ ತಳ್ಳಿತು. ನಾನು ಹಾರಿಕೊಂಡೆ. ಟ್ರ್ಯಾಕ್ಟರಿನ ಮೂತಿ ಹಳ್ಳಕ್ಕೆ ಇಳಿಯಿತು, ಟ್ರೇಲರ್ ಮಗುಚಿತು. ಮೂಟೆಗಳ ಮೇಲೆ ಕೂತು ಶಿರಾಕ್ಕೆ ಹೊರಟಿದ್ದ ಕೂಲಿಯ ಹನುಮಕ್ಕ ಅದರಡಿ ಸಿಕ್ಕಿಕೊಂಡಳು. ಅವಳ ಮೊಣಕಾಲಿನ ಕೆಳಗೆ ಜಜ್ಜಿಹೋಗಿತ್ತು.

ಚಿತ್ತಯ್ಯನೂ ಸುದ್ದಿ ಕೇಳಿ ಓಡಿಬಂದ ಅಪ್ಪನೂ ಅವಳನ್ನು ಲಾರಿಯಲ್ಲಿ ಆಸ್ಪತ್ರೆಗೆ ಒಯ್ದರು. ನಾನೊಬ್ಬನೇ ಉಳಿದೆ. ಸ್ಪ್ಯಾನರ್ ಕಚ್ಚಿಸಿ ಕಲ್ಲಿನಿಂದ ನಾಲ್ಕು ಏಟು ಹೊಡೆದೆ. ನಾಲ್ಕೇ ಏಟು — ಬಿರಡೆ ಬಿಟ್ಟಿತು. ಬೆರಳಿಟ್ಟೆ. ಒಣಗಿತ್ತು. ಕಬ್ಬಿಣದ ಪುಡಿ ಅಂಟಿತು. ಮನೆಗೆ ಓಡಿ ಎಣ್ಣೆ ಡಬ್ಬ ತಂದು, ತುಂಬ ಹುಯ್ದು, ಬಿರಡೆ ಬಿಗಿದು, ಟವಲಿನಲ್ಲಿ ಒರೆಸಿದೆ.

ಮಧ್ಯಾಹ್ನ ಶಿರಾದಿಂದ ಮೆಕ್ಯಾನಿಕ್ ಸಾಬರು ಬಂದರು. ಬಿರಡೆ ಬಿಚ್ಚಿ, ಎಣ್ಣೆಯನ್ನು ಬೆರಳಲ್ಲಿ ತೀಡಿ, "ಹೊಸಾ ಎಣ್ಣೆ ಐತಲ್ಲ" ಅಂದರು.

"ಮೊನ್ನೆ ತಾನೆ ಹಾಕಿದ್ದೆ" ಅಂದೆ.

ಅವರು ನನ್ನ ಮುಖ ನೋಡಿ, ಬಾಕ್ಸು ಬಿಚ್ಚಲು ಕೂತರು. ಒಳಗಿನ ಬೇರಿಂಗ್ ಚೂರುಚೂರಾಗಿತ್ತು. ಬಿದ್ದ ಏಟಿಗೆ ಒಡೆದಿದೆ ಎಂದು ಆಸ್ಪತ್ರೆಯಿಂದ ಮರಳಿದ ಅಪ್ಪ ತೀರ್ಮಾನಿಸಿದರು. ಚಿತ್ತಯ್ಯನೇ ಕೈ ತಪ್ಪಿಸಿದ ಎಂದು ಊರು ತೀರ್ಮಾನಿಸಿತು. ಕೊನೆಗೆ ಅವನೂ ಅದನ್ನೇ ನಂಬಿದ. ಅಪ್ಪನ ಕಾಲು ಹಿಡಿದು, ನನ್ನಿಂದ ತಪ್ಪಾಯಿತು ಅಂದ. ನಾನು ಅಲ್ಲೇ ನಿಂತಿದ್ದೆ.

ಆಮೇಲೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ, ಅವನೂ ಕೇಳಲಿಲ್ಲ. ಕುರಿಗಳ ಹಿಂದೆ ಹೋದ. ಹನುಮಕ್ಕ ಕುಂಟುತ್ತಲೇ ಬದುಕಿದಳು. ಪ್ರತಿ ವರ್ಷ ಮಳೆ ಬಿದ್ದೊಡನೆ ಚಿತ್ತಯ್ಯ ಎತ್ತು ಹೊಂದಿಸಿಕೊಂಡು ಬಂದು ಅವಳ ಒಂದೆಕರೆ ಉತ್ತು, ಬಿತ್ತಿ ಹೋಗುತ್ತಿದ್ದ. ಅವಳು ಬದುವಿನ ಮೇಲೆ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು. ನಾನು ನಮ್ಮ ಹೊಲದಿಂದ ನೋಡುತ್ತಿದ್ದೆ. ಹೇಳಬೇಕು, ಈ ಸಲ ಹೇಳಿಬಿಡಬೇಕು —

ಈ ಬೇಸಿಗೆಯಲ್ಲಿ ಹನುಮಕ್ಕ ತೀರಿಕೊಂಡಳು. ಆಮೇಲೆ ನಾನು ಹಟ್ಟಿಗೆ ಹೋದೆ. ಚಿತ್ತಯ್ಯ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ನಿಂತೇ ಎಲ್ಲವನ್ನೂ ಹೇಳಿದೆ. ಕತ್ತರಿ ನಿಂತಿತು. ಅವನು ಬೈಯಲಿಲ್ಲ. ಇಷ್ಟೇ ಕೇಳಿದ:

"ಇದ್ನ ಹನುಮಕ್ಕಂಗೆ ಹೇಳಿದ್ರಾ?"

"ಇಲ್ಲ" ಅಂದೆ.

"ಅವ್ಳಿಗೆ ಹೇಳ್ಬೇಕಿತ್ತು ಗೌಡ್ರೆ" ಅಂದು ಮತ್ತೆ ಕುರಿಯ ಮೇಲೆ ಬಗ್ಗಿದ.

ಅಲ್ಲಿಂದ ಹನುಮಕ್ಕನ ಮನೆಗೆ ಹೋಗಿ ಅವಳ ಮಗನಿಗೆ ಹೇಳಿದೆ. ಅವನು ಜಗಲಿಯ ಮೇಲೆ ಕೂತು ಪೂರ್ತಿ ಕೇಳಿದ. "ಅವ್ವ ಸಾಯಗಂಟ ಚಿತ್ತಯ್ಯನ್ನ ಮಾತಾಡಿಸ್ಲಿಲ್ಲ" ಅಂದ. ಎದ್ದು ಒಳಗೆ ಹೋದ. ಕ್ಷಮೆಯನ್ನು ಇನ್ನು ಯಾರಲ್ಲಿ ಕೇಳುವುದು?

ಹೋದ ವಾರ ಮೊದಲ ಮಳೆ ಬಿತ್ತು. ಚಿತ್ತಯ್ಯ ಬರಬೇಕಾಗಿರಲಿಲ್ಲ. ಆದರೂ ಅವಳ ಹೊಲಕ್ಕೆ ಎತ್ತು ಹೊಡೆದುಕೊಂಡು ಬಂದ. ಬದುವಿನ ಮೇಲೆ ಕೂತಿದ್ದ ಹನುಮಕ್ಕನ ಮಗ ಎದ್ದು ಹೋಗಿ ನೇಗಿಲ ಮೇಣಿ ಹಿಡಿದ. ಇಬ್ಬರೂ ಅದೇನೋ ಮಾತಾಡಿಕೊಳ್ಳುತ್ತ ಸಾಲು ಹೊಡೆಯುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ. ತಿರುಗಲಿ ಎಂದು ಬಯಸುವ ಹಕ್ಕು ನನಗಿಲ್ಲ.