ಅಪ್ಪನ ದನಿಗೆ ಬಿದ್ದ ಗುರುತು

ಗಂಟಲಿನ ಗಡ್ಡೆ ತೆಗೆಯುವಾಗ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು, ಆಮೇಲೆ ದನಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: "ಹಂಗಾದ್ರೆ ಕುರಿ ಕರೆಯಾದು ಹೆಂಗ್ರಿ?" ಡಾಕ್ಟರು ತಮಾಷೆ ಎಂದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ತುರುವನೂರು ಕಡೆಯ ನಮ್ಮೂರಿನಲ್ಲಿ ಕುರಿ ಮೇಯಿಸಿಕೊಂಡೇ ನನ್ನನ್ನು ಓದಿಸಿದವನು ಅಪ್ಪ. ಅವನು ಒಂದು ಕೂಗು ಹಾಕಿದರೆ ಹೊಲದ ಆ ತುದಿಯಿಂದ ಇಡೀ ಹಿಂಡು ತಿರುಗಿ ಬರುತ್ತಿತ್ತು.

ಆಪರೇಷನ್‌ಗೆ ಮುಂಚೆ ಅವನ ಕೂಗುಗಳನ್ನೆಲ್ಲ ಫೋನಿನ ಕ್ಯಾಮೆರಾದಲ್ಲಿ ಹಿಡಿದಿಟ್ಟೆ. ಮೇವಿಗೆ ಕರೆಯುವುದು ಬೇರೆ, ನೀರಿಗೆ ಬೇರೆ, ಸಂಜೆ ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಗೆ, ಕೂಡಿಸುವ ಕೂಗು ಬೇರೆ. ಹಿರಿಯೂರಿನ ನನ್ನ ಮನೆಗೆ ಬಂದು, ಇವನ್ನೆಲ್ಲ ಸೇರಿಸಿ ಚೆಂದದ ವಿಡಿಯೋ ಮಾಡೋಣವೆಂದು ಪುಕ್ಕಟೆ ಎಡಿಟಿಂಗ್ ಸಾಫ್ಟ್‌ವೇರ್ ಒಂದನ್ನು ಇಳಿಸಿಕೊಂಡೆ.

ಪುಕ್ಕಟೆ ಅನ್ನುವುದು ಬಾಗಿಲ ತನಕ ಮಾತ್ರ. ಗಾಳಿಯ ಸದ್ದು ತೆಗೆಯುವ ಬಟನ್ ಮೇಲೆ ಪುಟ್ಟ ಕಿರೀಟ. ಒತ್ತಿದರೆ ದುಡ್ಡು ಕೇಳುತ್ತದೆ. ನೆಟ್ಟಗಿರುವ ಕನ್ನಡ ಅಕ್ಷರಕ್ಕೂ ಕಿರೀಟ. ಕಿರೀಟವಿಲ್ಲದ ಅಕ್ಷರದಲ್ಲಿ 'ಅಪ್ಪ' ಎಂದು ಬರೆದರೆ ಒತ್ತು ಕಳಚಿ ಪಕ್ಕಕ್ಕೆ ಬಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಬಿಡದೆ ಕತ್ತರಿಸಿ, ಜೋಡಿಸಿ, ಕೊನೆಗೆ ಸೇವ್ ಮಾಡಿದರೆ ಅಪ್ಪನ ಎದೆಯ ಮೇಲೆ ಅಡ್ಡಕ್ಕೆ ಕಂಪನಿಯ ಹೆಸರು ಬೆಳ್ಳಗೆ ಕೂತಿತ್ತು. ಇಷ್ಟು ಆಟ ಆಡಿಸುವ ಮೊದಲೇ ಹೇಳಬಾರದಿತ್ತೇ? ಹೇಳಿದ್ದರಂತೆ, ಯಾರೂ ಓದದ ಆ ಉದ್ದನೆಯ ಷರತ್ತುಗಳಲ್ಲಿ.

ಇರಲಿ ಎಂದು, ಆಪರೇಷನ್‌ಗೆ ಮುಂಚೆಯೇ ಊರಿಗೆ ಹೋಗಿ ಅಪ್ಪನಿಗೆ ತೋರಿಸಿದೆ.

"ಏನವ್ವಾ ಇದು, ಯಾರ ಗುರ್ತು?" ಅಂದ.

"ಸಾಫ್ಟ್‌ವೇರ್ ಕಂಪನಿದು ಕಣಪ್ಪ. ಪುಕ್ಕಟೆ ಅಲ್ವಾ, ಅದಕ್ಕೆ ಹಾಕ್ತಾರೆ."

"ಗುರ್ತು ಹಾಕ್ಯಾರೆ ಅಂದ್ಮೇಲೆ ಅವ್ರದ್ದೇ ಆತು ಬಿಡು."

ಹಿಂಡುಗಳು ಬೆರೆತರೆ ಗೊತ್ತಾಗಲೆಂದು ನಮ್ಮವರು ಕುರಿಗಳ ಬೆನ್ನಿಗೆ ಬಣ್ಣ ಬಳಿಯುತ್ತಾರೆ. ಯಾರ ಬಣ್ಣವೋ ಅವರ ಕುರಿ, ಅದರಲ್ಲಿ ತಕರಾರಿಲ್ಲ. ಇದು ಹಾಗಲ್ಲ ಎಂದು ಎಷ್ಟು ಹೇಳಿದರೂ ಅಪ್ಪ ಒಪ್ಪಲಿಲ್ಲ. "ದನಿ ಹೆಂಗೂ ಹೋಗ್ತೈತೆ. ಅದನ್ನ ಇನ್ನೊಬ್ರ ಹಿಂಡಿಗ್ಯಾಕೆ ಸೇರಿಸ್ತೀಯ?" ಅಂದ.

ದುಡ್ಡು ಕಟ್ಟಿದರೆ ಗುರುತು ಹೋಗುತ್ತದೆ ಎಂದೆ. ಅದು ಅವನಿಗೆ ಇನ್ನೂ ಕೆಟ್ಟದಾಗಿ ಕೇಳಿಸಿತು. "ನಮ್ಮ ಕುರಿನ ನಾವೇ ಕೊಂಡ್ಕಬೇಕಾ?"

ಆ ವಿಡಿಯೋ ಅಳಿಸಿದೆ. ಗಾಳಿ, ನಾಯಿ ಬೊಗಳಿದ್ದು, ಯಾರದೋ ಬೈಕಿನ ಸದ್ದು ಎಲ್ಲ ಸೇರಿದ ಹಸಿ ರೆಕಾರ್ಡಿಂಗನ್ನೇ ಇಟ್ಟುಕೊಂಡೆ.

ಆಪರೇಷನ್ ಆಗಿ ಅಪ್ಪ ಚೇತರಿಸಿಕೊಂಡ ಮೇಲೆ ಒಂದು ಸಂಜೆ ಇಬ್ಬರೂ ಹೊಲಕ್ಕೆ ಹೋದೆವು. ಕುರಿಗಳು ದೂರದಲ್ಲಿ ಮೇಯುತ್ತಿದ್ದವು. ಅಪ್ಪ ಬದುವಿನ ಮೇಲೆ ನಿಂತು ಅಭ್ಯಾಸದಂತೆ ಬಾಯಿ ತೆರೆದ. ಏನೂ ಬರಲಿಲ್ಲ. ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿ, ಫೋನಿನ ಸದ್ದು ಜೋರು ಮಾಡಿ, ರೊಪ್ಪಕ್ಕೆ ಕೂಡಿಸುವ ಕೂಗು ಹಾಕಿದೆ. ಕುರಿಗಳು ಥಟ್ಟನೆ ತಲೆಯೆತ್ತಿದವು. ಓಡಿ ಬಂದವು. ನನಗೆ ಖುಷಿಯೋ ಖುಷಿ.

ಬಂದ ಕುರಿಗಳೆಲ್ಲ ನನ್ನನ್ನು ಸುತ್ತುವರಿದು ನಿಂತವು. ಅಪ್ಪ ಬದುವಿನ ಮೇಲೆ ಒಬ್ಬನೇ ಇದ್ದ. ಕುರಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಫೋನನ್ನು ಅವನ ಅಂಗಿಯ ಜೇಬಿಗೆ ಹಾಕಿ, ಅದೇ ಕೂಗನ್ನು ಮತ್ತೆ ಹಚ್ಚಿ, ದೂರ ಸರಿದು ನಿಂತೆ. ಒಂದೂ ನನ್ನ ಹಿಂದೆ ಬರಲಿಲ್ಲ.