ಅಪ್ಪನ ಕಿವಿಗೆ ಬೀಳಬಾರದ್ದು

ಕಿವಿ ಮಂದವಾದವರಿಗೆ ಯಂತ್ರ ಹೊಂದಿಸಿ ಕೊಡುವುದು ಅಕ್ಕನ ಕಸುಬು. ಇಪ್ಪತ್ತೆರಡು ವರ್ಷದಿಂದ ಅದೇ ಅಂಗಡಿ, ಅದೇ ಗಾಜಿನ ಕೋಣೆ. "ಸದ್ದು ಕೇಳಿಸಿದ ಕೂಡ್ಲೇ ಕೈ ಎತ್ತಿ" ಎಂದರೆ ಎಂಥೆಂಥ ಜಬರ್ದಸ್ತಿನ ಮುದುಕರೂ ಅವಳ ಮುಂದೆ ಶಾಲೆ ಮಕ್ಕಳ ಹಾಗೆ ಕೈ ಎತ್ತುತ್ತಾರೆ. ಇಷ್ಟೆಲ್ಲ ವಿದ್ಯೆ ಇದ್ದೂ ತನ್ನ ಇಬ್ಬರು ತಮ್ಮಂದಿರ ಬಾಯಿಗೆ ಬೀಗ ಹಾಕುವ ವಿದ್ಯೆ ಅವಳಿಗೆ ಒಲಿಯಲಿಲ್ಲ.

ದೊಡ್ಡ ತಮ್ಮ ಬಸ್ ಡ್ರೈವರ್, ಆಳುವ ಪಕ್ಷದ ಕಟ್ಟಾಳು. ಚಿಕ್ಕವನು ಮೇಷ್ಟ್ರು, ಆ ಪಕ್ಷದ ಹೆಸರೆತ್ತಿದರೆ ಉರಿದುಬೀಳುವವನು. ಯಾವ ಪಕ್ಷದಿಂದಲೂ ಇಬ್ಬರಿಗೂ ಒಂದು ಲೋಟ ನೀರು ಹುಟ್ಟಿಲ್ಲ. ಆದರೂ ಭಾನುವಾರ ಅಪ್ಪನ ಮನೆಯಲ್ಲಿ ಊಟಕ್ಕೆ ಕೂತರೆ, ತಟ್ಟೆ ಬರುವ ಮೊದಲೇ ಶುರು.

ಅಪ್ಪನಿಗೆ ಎಂಬತ್ತಮೂರು; ಕಿವಿಗೆ ಅಕ್ಕನೇ ಹೊಂದಿಸಿಕೊಟ್ಟ ಯಂತ್ರ, ಅದರ ಸದ್ದು ಏರಿಸಿ ಇಳಿಸುವುದೆಲ್ಲ ಅವಳ ಮೊಬೈಲಿನಿಂದ. ಅಮ್ಮ ಹೋದ ಮೇಲೆ ಅವರಿಗೆ ಉಳಿದ ಆಸೆ ಒಂದೇ, ವಾರಕ್ಕೊಮ್ಮೆ ಗಂಡುಮಕ್ಕಳಿಬ್ಬರೂ ತನ್ನ ಎಡಬಲಕ್ಕೆ ಕೂತು ಉಣ್ಣಬೇಕು. ಒಮ್ಮೆ ಜಗಳ ಜೋರಾದಾಗ ಅವರು ಕೈಯಲ್ಲಿದ್ದ ತುತ್ತು ಬಿಟ್ಟು ಕಣ್ಣೊರೆಸಿಕೊಂಡರು. ಅಕ್ಕ ಮೇಜಿನ ಕೆಳಗೆ ತನ್ನ ಮೊಬೈಲ್ ಹಿಡಿದು, ಅಪ್ಪನ ಕಿವಿಯ ಯಂತ್ರದ ದನಿಯನ್ನು ಪೂರ್ತಿ ಇಳಿಸಿಬಿಟ್ಟಳು. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರನ್ನು ಅಂಗಡಿಯಲ್ಲಿ ಕೂರಿಸಿ ಮಂಗಳಾರತಿ ಎತ್ತುತ್ತಿದ್ದಳು! ಅಪ್ಪ ಮಕ್ಕಳ ತುಟಿ ಆಡುವುದನ್ನು ನೋಡುತ್ತ, ನಗುನಗುತ್ತ ಊಟ ಮುಗಿಸಿದರು.

ಅದೇ ಅಭ್ಯಾಸವಾಯಿತು. "ಭಾನುವಾರ ಬಂದ್ರೆ ಬ್ಯಾಟರಿ ಸೋಲುತ್ತೆ ಕಣಮ್ಮ" ಎಂದು ಅಪ್ಪ, "ನೋಡ್ತೀನಪ್ಪ" ಎಂದು ಇವಳು.

ಚುನಾವಣೆ ಮುಗಿದ ವಾರ ದೊಡ್ಡವನು ತಮ್ಮನ ಮುಖಕ್ಕೇ ಹೇಳಿದ: "ನಿನ್ನಂಥ ದೇಶದ್ರೋಹಿ ಜೊತೆ ಕೂತು ಉಣ್ಣೋದು ನನ್ನ ಕರ್ಮ."

ಚಿಕ್ಕವನು ಎದ್ದು ಬಂದು ಅಪ್ಪನ ಕೈ ಹಿಡಿದುಕೊಂಡ. "ಅಪ್ಪಾ, ಇನ್ಮೇಲೆ ನಾನು ಈ ಮನೆಗೆ ಬರಲ್ಲ. ನೀವು ಒಂದ್ಸಲ ಹೋಗ್ಬೇಡ ಅನ್ನಿ, ನಿಂತ್ಕೋತೀನಿ."

ದನಿ ಏರಿಸಲು ಅಕ್ಕ ಮೊಬೈಲಿಗೆ ತಡಕಾಡಿದಳು. ಅದರ ಪರದೆಯ ಚಕ್ರ ಯಂತ್ರವನ್ನು ಹುಡುಕುತ್ತ ಗಿರಗಿರ ತಿರುಗುತ್ತಿತ್ತು. ಅಷ್ಟರಲ್ಲಿ ಅಪ್ಪ ಮಗನ ತಲೆ ಸವರಿ ನಕ್ಕರು.

"ಆಗ್ಲಿ ಮಗನೇ. ಹಾಗೇ ಮಾಡು."

ಅವನು ಅಪ್ಪನ ಕೈ ಬಿಟ್ಟು ಹೊರನಡೆದ. ಅಕ್ಕ ಗೇಟಿನವರೆಗೂ ಹಿಂದೆ ಓಡಿದಳು. "ಅವರಿಗೆ ಕೇಳಿಸ್ಲೇ ಇಲ್ಲ ಕಣೋ, ನಾನೇ ಸೌಂಡ್ ತೆಗ್ದಿದ್ದೆ!"

"ಸಾಕಕ್ಕ" ಎಂದ ಅವನು. "ಚಿಕ್ಕಂದಿನಿಂದ ನಮ್ಮಿಬ್ರಿಗೂ ಹೀಗೇ ಸುಳ್ಳು ಹೇಳಿ ರಾಜಿ ಮಾಡಿಸ್ತಾ ಬಂದೆ."

ಅದೂ ನಿಜವೇ. ಅವಳು ಒಳಗೆ ಬಂದಾಗ ಯಂತ್ರಕ್ಕೆ ಜೀವ ಬಂದಿತ್ತು.

"ಏನೋ ಕೇಳ್ದ, ಪಾಪ, ಆಸೆಯಿಂದ" ಎಂದರು ಅಪ್ಪ. "ನಾನು ಹೂಂ ಅಂದಿದ್ದಕ್ಕೆ ಅವನಿಗೆ ಖುಷಿಯಾಯ್ತಾ?"

"ಆಯ್ತಪ್ಪ" ಎಂದಳು ಅಕ್ಕ. ಅದು ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳಿಸಿತು.